ಪ್ರಮೇಯ ಎಂದರೇನು? ಒಂದು ಪದದ ಚರಿತ್ರೆ



ನಿಮ್ಮ ರೇಖಾಗಣಿತದ ನೋಟ್ ಪುಸ್ತಕವನ್ನು ಒಮ್ಮೆ ತೆರೆದು ನೋಡಿ. ಪ್ರತಿಯೊಂದು ಪ್ರಮೇಯದ ಕೆಳಗೂ ನಾಲ್ಕು ಶಬ್ದಗಳು ಸಾಲಾಗಿ ನಿಂತಿರುತ್ತವೆ: ದತ್ತ, ಸಾಧನೀಯ, ರಚನೆ, ಸಾಧನೆ. ಪರೀಕ್ಷೆಯಲ್ಲಿ ಈ ನಾಲ್ಕಕ್ಕೂ ಅಂಕಗಳುಂಟು. ಆದ್ದರಿಂದ ನಾವೆಲ್ಲರೂ ಅವನ್ನು ಬಾಯಿಪಾಠ ಮಾಡಿದವರೇ. ಆದರೆ ಯಾರಾದರೂ ನಿಮ್ಮನ್ನು ತಡೆದು, "ಅದೆಲ್ಲ ಇರಲಿ, ಪ್ರಮೇಯ ಎಂದರೇನು?" ಎಂದು ಕೇಳಿದರೆ ಏನು ಹೇಳುವಿರಿ?

"ಗಣಿತದಲ್ಲಿ ನಿಜವಾದ ಒಂದು ಮಾತು" ಎಂದು ಹಲವರು ಹೇಳಬಹುದು. "ದೊಡ್ಡ ಗಣಿತಜ್ಞರು ಕಂಡುಹಿಡಿದ ನಿಯಮ" ಎಂದು ಕೆಲವರು ಹೇಳಬಹುದು. ಎರಡೂ ಉತ್ತರಗಳು ಗುರಿಯ ಹತ್ತಿರ ಬಂದು ಗುರಿ ತಪ್ಪುತ್ತವೆ. ನಿಜವಾಗಿದ್ದೂ ಪ್ರಮೇಯವಾಗದ ಮಾತುಗಳು ಗಣಿತದಲ್ಲಿವೆ. ದೊಡ್ಡವರು ಹೇಳಿದ್ದರೂ ಪ್ರಮೇಯವಾಗದ ಮಾತುಗಳಿವೆ. ಹನ್ನೊಂದು ವರ್ಷ ಪ್ರಮೇಯವೆಂಬ ಗೌರವ ಪಡೆದು, ಆಮೇಲೆ ಅದನ್ನು ಕಳೆದುಕೊಂಡು, ಮತ್ತೆ 86 ವರ್ಷಗಳ ನಂತರ ಮರಳಿ ಪಡೆದ ಮಾತೂ ಒಂದಿದೆ. ಈ ಪದದ ಅರ್ಥ ಹೇಗೆ ರೂಪುಗೊಂಡಿತು, ಅದನ್ನು ಅಷ್ಟು ಬಿಗಿಯಾಗಿ ಕಾಪಾಡಿಕೊಳ್ಳಬೇಕಾದ ಕಾರಣವೇನು ಎಂಬುದನ್ನು ಈಗ ನೋಡೋಣ.

ಪದದ ಮೂಲ

ಇಂಗ್ಲಿಷಿನ ಥಿಯರಂ ಎಂಬ ಪದ ಗ್ರೀಕ್ ಭಾಷೆಯದು. ಗ್ರೀಕರ ಥಿಯೊರೇಮ ಎಂದರೆ ನೋಡಲಾದದ್ದು, ಮನಸ್ಸಿಟ್ಟು ಪರಿಶೀಲಿಸಿದ್ದು. ಥಿಯೇಟರ್ ಎಂಬ ಪದವೂ ಇದೇ ಬಳಗದ್ದು. ನಮ್ಮ 'ಪ್ರಮೇಯ' ಬಂದಿರುವುದು ಬೇರೊಂದು ದಾರಿಯಿಂದ. ಅದು ಮೂಲತಃ ನ್ಯಾಯಶಾಸ್ತ್ರದ ಪದ. ತಿಳಿಯುವವನು ಪ್ರಮಾತೃ; ತಿಳಿಯುವ ಸಾಧನ ಪ್ರಮಾಣ; ತಿಳಿಯಬೇಕಾದ ವಸ್ತು ಪ್ರಮೇಯ. ಈ ಎಲ್ಲ ಪದಗಳ ಬೇರು 'ಅಳೆಯುವುದು' ಎಂಬ ಅರ್ಥದ 'ಮಾ' ಧಾತು. ಆಡುಮಾತಿನಲ್ಲಿ ನಾವು "ಆ ಪ್ರಮೇಯವೇ ಬರಲಿಲ್ಲ" ಎನ್ನುತ್ತೇವಲ್ಲ, ಅಲ್ಲಿ ಅದಕ್ಕೆ ಸಂದರ್ಭ, ಅಗತ್ಯ ಎಂಬ ಅರ್ಥ. ಗಣಿತದ ಪ್ರಮೇಯ ಇವೆರಡಕ್ಕಿಂತಲೂ ಹೆಚ್ಚು ಕಟ್ಟುನಿಟ್ಟಿನದು.

ನ್ಯಾಯದರ್ಶನ ನಾಲ್ಕು ಪ್ರಮಾಣಗಳನ್ನು ಒಪ್ಪುತ್ತದೆ: ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ. ಕಣ್ಣಾರೆ ಕಂಡದ್ದು ಪ್ರತ್ಯಕ್ಷ. ತಿಳಿದದ್ದರಿಂದ ತಿಳಿಯದ್ದನ್ನು ತರ್ಕಿಸಿ ಪಡೆದದ್ದು ಅನುಮಾನ. ಇದು ನಮ್ಮ ಆಡುಮಾತಿನ ಸಂದೇಹವಲ್ಲ. ಕಂಡದ್ದರ ಹೋಲಿಕೆಯಿಂದ ಕಾಣದ್ದನ್ನು ಗುರುತಿಸುವುದು ಉಪಮಾನ. ನಂಬಿಕೆಗೆ ಅರ್ಹರಾದವರ ಮಾತು ಶಬ್ದ. ದಿನನಿತ್ಯದ ಬದುಕಿನಲ್ಲಿ ನಮಗೆ ಈ ನಾಲ್ಕೂ ಬೇಕು. ಗಣಿತದ ಪ್ರಮೇಯ ಮಾತ್ರ ವಿಚಿತ್ರ ಹಠದ್ದು. ಅದು ಪ್ರತ್ಯಕ್ಷವನ್ನೂ ಹೋಲಿಕೆಯನ್ನೂ ದೊಡ್ಡವರ ಮಾತನ್ನೂ ಸಾಕ್ಷಿಯಾಗಿ ಸ್ವೀಕರಿಸುವುದಿಲ್ಲ. ಅದಕ್ಕೆ ಬೇಕಾದದ್ದು ತರ್ಕವೊಂದೇ; ಅದೂ ಎಲ್ಲಿಯೂ ಕೊಂಡಿ ಕಳಚದ ತರ್ಕ.

ಅಳತೆ ಏಕೆ ಸಾಲದು?

ತ್ರಿಭುಜದ ಮೂರು ಕೋನಗಳ ಮೊತ್ತ 180 ಡಿಗ್ರಿ ಎಂದು ನೀವು ಓದಿದ್ದೀರಿ. ಒಂದು ತ್ರಿಭುಜ ಬರೆದು ಕೋನಮಾಪಕವಿಟ್ಟು ಅಳೆಯಿರಿ. ಒಮ್ಮೆ 179 ಬಂದೀತು, ಇನ್ನೊಮ್ಮೆ 181. ಪೆನ್ಸಿಲಿನ ಗೆರೆಗೆ ದಪ್ಪವಿದೆ, ಕಣ್ಣಿಗೆ ಮಿತಿಯಿದೆ. ಒಂದು ಪಕ್ಷ ಪ್ರತಿ ಸಲವೂ 180 ಬಂತೆಂದೇ ಇಟ್ಟುಕೊಳ್ಳಿ. ನೀವು ಅಳೆದದ್ದು ಹತ್ತು ತ್ರಿಭುಜಗಳನ್ನು. ಹೇಳಿಕೆ ಇರುವುದು ಎಲ್ಲ ತ್ರಿಭುಜಗಳ ಬಗ್ಗೆ. ಯಾರೂ ಇನ್ನೂ ಬರೆಯದ, ಮುಂದೆಂದೂ ಬರೆಯದಿರಬಹುದಾದ ತ್ರಿಭುಜಗಳ ಬಗ್ಗೆ ಕೂಡ!

ಈಗ ಅಳತೆ ಬಿಡಿ. ತ್ರಿಭುಜದ ಮೇಲಿನ ಶೃಂಗದ ಮೂಲಕ ಪಾದಕ್ಕೆ ಸಮಾಂತರವಾಗಿ ಒಂದು ಗೆರೆ ಎಳೆಯಿರಿ. ಶೃಂಗದ ಎಡಕ್ಕೆ ಉಂಟಾದ ಕೋನ, ಪಾದದ ಎಡಗೋನಕ್ಕೆ ಸಮ. ಏಕೆಂದರೆ ಅವು ಪರ್ಯಾಯ ಕೋನಗಳು. ಬಲಕ್ಕೆ ಉಂಟಾದದ್ದು ಬಲಗೋನಕ್ಕೆ ಸಮ. ನಡುವೆ ಇರುವುದು ಶೃಂಗದ್ದೇ ಕೋನ. ಮೂರೂ ಸೇರಿ ಒಂದು ಸರಳ ರೇಖೆಯ ಮೇಲೆ ಕುಳಿತಿವೆ. ಆದ್ದರಿಂದ ಮೊತ್ತ 180 ಡಿಗ್ರಿ. ಗ್ರೀಕರ ಪೈಥಾಗೊರಸ್ ಪಂಥದವರು ಈ ದಾರಿ ಹಿಡಿದಿದ್ದರೆಂದು 5ನೆಯ ಶತಮಾನದ ವ್ಯಾಖ್ಯಾನಕಾರ ಪ್ರೊಕ್ಲಸ್ ದಾಖಲಿಸಿದ್ದಾನೆ. ಗಮನಿಸಿ: ಈ ವಾದದಲ್ಲಿ ತ್ರಿಭುಜದ ಗಾತ್ರ ಬರಲಿಲ್ಲ, ಆಕಾರವೂ ಬರಲಿಲ್ಲ. ಒಂದೇ ಚಿತ್ರ ಎಲ್ಲ ತ್ರಿಭುಜಗಳ ಪರವಾಗಿ ಮಾತನಾಡಿತು. ಇದು ಸಾಧನೆಯ ಶಕ್ತಿ.

ನಿಯಮದಿಂದ ಪ್ರಮೇಯಕ್ಕೆ

ಲಂಬಕೋನ ತ್ರಿಭುಜದ ಬಾಹುಗಳ ಸಂಬಂಧ ಬಹಳ ಹಿಂದೆಯೇ ಹಲವು ನಾಡುಗಳಿಗೆ ಗೊತ್ತಿತ್ತು. ಸುಮಾರು ಕ್ರಿ.ಪೂ. 1800ರ ಬ್ಯಾಬಿಲೋನಿಯದ ಒಂದು ಜೇಡಿಮಣ್ಣಿನ ಹಲಗೆ ಈಗ ನ್ಯೂಯಾರ್ಕಿನ ಕೊಲಂಬಿಯ ವಿಶ್ವವಿದ್ಯಾಲಯದಲ್ಲಿದೆ. ಪ್ಲಿಂಪ್ಟನ್ 322 ಎಂದು ಅದರ ಹೆಸರು. ಅದರಲ್ಲಿ ಇಂಥ ತ್ರಿಭುಜಗಳಿಗೆ ಸಂಬಂಧಿಸಿದ ಸಂಖ್ಯೆಗಳು 15 ಸಾಲುಗಳಲ್ಲಿವೆ. ನಮ್ಮಲ್ಲಿ ಯಜ್ಞವೇದಿಕೆಗಳನ್ನು ಹಗ್ಗದಿಂದ ಅಳೆದು ಕಟ್ಟುವ ವಿಧಾನ ತಿಳಿಸುವ ಬೌಧಾಯನ ಶುಲ್ಬಸೂತ್ರ, ಆಯತದ ಕರ್ಣದ ಮೇಲಿನ ಚೌಕವು ಎರಡು ಬಾಹುಗಳ ಮೇಲಿನ ಚೌಕಗಳ ಮೊತ್ತಕ್ಕೆ ಸಮವೆಂಬ ನಿಯಮವನ್ನು ಯಾವುದೋ ಒಂದು ಆಯತಕ್ಕಲ್ಲ, ಎಲ್ಲ ಆಯತಗಳಿಗೂ ಅನ್ವಯಿಸುವಂತೆ ಹೇಳುತ್ತದೆ. ಕಟ್ಟುವವನಿಗೆ ಬೇಕಾದದ್ದು ನಿಯಮ. ಸೂತ್ರಕಾರರು ಅದನ್ನು ಕೊಟ್ಟರು.

ಸುಮಾರು ಕ್ರಿ.ಪೂ. 300ರಲ್ಲಿ ಅಲೆಕ್ಸಾಂಡ್ರಿಯದ ಯೂಕ್ಲಿಡ್ ತನ್ನ 'ಮೂಲಾಂಶಗಳು' ಗ್ರಂಥದಲ್ಲಿ ಬೇರೆಯದೇ ಕೆಲಸಕ್ಕೆ ಕೈಹಾಕಿದ. ಬಿಂದು, ರೇಖೆ ಮುಂತಾದವುಗಳ ವ್ಯಾಖ್ಯೆಗಳನ್ನೂ, ಐದು ಆಧಾರ ಪ್ರತಿಜ್ಞೆಗಳನ್ನೂ, ಐದು ಸಾಮಾನ್ಯ ಕಲ್ಪನೆಗಳನ್ನೂ ಮೊದಲಿಗೇ ಮುಂದಿಟ್ಟ. "ಇವನ್ನು ಒಪ್ಪಿದರೆ ಉಳಿದದ್ದನ್ನೂ ಒಪ್ಪಲೇಬೇಕಾಗುತ್ತದೆ" ಎಂಬುದು ಅವನ ಪಣ. ಮೊದಲ ಪುಸ್ತಕದಲ್ಲಿ 48 ಪ್ರತಿಪಾದನೆಗಳಿವೆ. ಲಂಬಕೋನ ತ್ರಿಭುಜದ ಪ್ರಮೇಯ ಬರುವುದು 47ನೆಯದಾಗಿ. ಅದಕ್ಕೆ ಬೇಕಾದ ಮೆಟ್ಟಿಲುಗಳೆಲ್ಲ ಅದಕ್ಕೂ ಮೊದಲೇ ಸಿದ್ಧವಾಗಿರುತ್ತವೆ. 48ನೆಯದು ಅದರ ವಿಲೋಮ. ವಿಲೋಮಕ್ಕೂ ಪ್ರತ್ಯೇಕ ಸಾಧನೆ ಬೇಕೆಂಬುದು ಅವನಿಗೆ ಗೊತ್ತಿತ್ತು.

ಈ ಗ್ರಂಥ ಅರಬ್ಬಿಗೆ ಹೋಗಿ, ಅಲ್ಲಿಂದ 18ನೆಯ ಶತಮಾನದ ಆರಂಭದಲ್ಲಿ ಸವಾಯಿ ಜಯಸಿಂಹನ ಆಸ್ಥಾನದ ಜಗನ್ನಾಥ ಪಂಡಿತರ ಕೈಯಲ್ಲಿ ಸಂಸ್ಕೃತಕ್ಕೆ ಬಂತು. ಆ ಅನುವಾದದ ಹೆಸರು 'ರೇಖಾಗಣಿತ'. ನಿಮ್ಮ ನೋಟ್ ಪುಸ್ತಕದ ಮೇಲಿರುವ ಹೆಸರೂ ಅದೇ.

ಹಾಗಾದರೆ ನಮ್ಮ ಗಣಿತಜ್ಞರಿಗೆ ಸಾಧನೆ ಬೇಕಿರಲಿಲ್ಲವೆ? ಹಾಗೆ ಹೇಳುವುದು ತಪ್ಪು. ನಮ್ಮ ಮೂಲಗ್ರಂಥಗಳು ಹೆಚ್ಚಾಗಿ ಪದ್ಯರೂಪದ ಸೂತ್ರಗಳು. ಬಾಯಿಪಾಠಕ್ಕೆ ಅನುಕೂಲವಾಗುವಂತೆ ರಚಿಸಿದವು. ಕಾರಣ ನೀಡುವ ಕೆಲಸ ವ್ಯಾಖ್ಯಾನಗಳದು. ಅದಕ್ಕೆ 'ಉಪಪತ್ತಿ' ಅಥವಾ 'ಯುಕ್ತಿ' ಎಂದು ಹೆಸರು. ಉಪಪತ್ತಿ ತಿಳಿಯದ ಗಣಕನಿಗೆ ವಿದ್ವತ್ಸಭೆಯಲ್ಲಿ ಮರ್ಯಾದೆ ಸಿಗದು, ಅವನ ಸಂದೇಹವೂ ತೀರದು ಎಂಬ ಅಭಿಪ್ರಾಯವನ್ನು 1150ರ 'ಸಿದ್ಧಾಂತಶಿರೋಮಣಿ'ಯಲ್ಲಿ ಎರಡನೆಯ ಭಾಸ್ಕರಾಚಾರ್ಯರು ಸ್ಪಷ್ಟವಾಗಿ ಹೇಳಿದ್ದಾರೆ. 16ನೆಯ ಶತಮಾನದಲ್ಲಿ ಕೇರಳದ ಜ್ಯೇಷ್ಠದೇವ ಮಲಯಾಳದಲ್ಲಿ ಬರೆದ 'ಯುಕ್ತಿಭಾಷಾ' ಇಂಥ ಯುಕ್ತಿಗಳ ಭಂಡಾರವೇ ಆಗಿದೆ. ಆದರೆ ಎಲ್ಲವನ್ನೂ ಕೆಲವೇ ಆಧಾರ ಪ್ರತಿಜ್ಞೆಗಳಿಂದ ಮೆಟ್ಟಿಲು ಮೆಟ್ಟಿಲಾಗಿ ಕಟ್ಟುವ ಪದ್ಧತಿ ಯೂಕ್ಲಿಡನ ಪರಂಪರೆಯದು.

ದತ್ತದ ಬೆಲೆ

ನಾವು 'ದತ್ತ' ಎಂದು ಬರೆದು ಮುಂದೆ ಓಡುವ ಸಾಲು ಎಷ್ಟು ಮುಖ್ಯವೆಂಬುದಕ್ಕೆ ನಮ್ಮ ಚರಿತ್ರೆಯಲ್ಲೇ ಒಳ್ಳೆಯ ನಿದರ್ಶನವಿದೆ. 628ರಲ್ಲಿ ಬ್ರಹ್ಮಗುಪ್ತರು ಚತುರ್ಭುಜದ ನಾಲ್ಕು ಬಾಹುಗಳಿಂದಲೇ ಅದರ ವಿಸ್ತೀರ್ಣ ತೆಗೆಯುವ ಸುಂದರ ಸೂತ್ರ ಕೊಟ್ಟರು. ಬಾಹುಗಳ ಮೊತ್ತದ ಅರ್ಧದಿಂದ ಒಂದೊಂದು ಬಾಹುವನ್ನೂ ಕಳೆಯಿರಿ. ಬಂದ ನಾಲ್ಕು ಸಂಖ್ಯೆಗಳನ್ನು ಗುಣಿಸಿ ವರ್ಗಮೂಲ ತೆಗೆಯಿರಿ. 9ನೆಯ ಶತಮಾನದಲ್ಲಿ ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ 'ಗಣಿತಸಾರಸಂಗ್ರಹ' ಬರೆದ ಮಹಾವೀರಾಚಾರ್ಯರೂ ಈ ಸೂತ್ರವನ್ನು ಕೊಟ್ಟಿದ್ದಾರೆ.

ಸೂತ್ರ ನಿಜ; ಆದರೆ ಚತುರ್ಭುಜದ ನಾಲ್ಕು ಶೃಂಗಗಳೂ ಒಂದೇ ವೃತ್ತದ ಮೇಲಿದ್ದಾಗ ಮಾತ್ರ. ಸೂತ್ರದ ಮಾತಿನಲ್ಲಿ ಈ ಷರತ್ತು ಬಾಯಿಬಿಟ್ಟು ಹೇಳಿದಂತಿಲ್ಲ. ಭಾಸ್ಕರಾಚಾರ್ಯರು 'ಲೀಲಾವತಿ'ಯಲ್ಲಿ ಇಲ್ಲಿಗೇ ಬೆರಳಿಟ್ಟರು. ನಾಲ್ಕು ಬಾಹುಗಳು ಗೊತ್ತಾದ ಮಾತ್ರಕ್ಕೆ ಚತುರ್ಭುಜ ನಿಶ್ಚಿತವಾಗುವುದಿಲ್ಲ. ಹಾಗಿರುವಾಗ ವಿಸ್ತೀರ್ಣ ನಿಶ್ಚಿತವಾಗುವುದು ಹೇಗೆ ಎಂದು ಕೇಳಿದರು. ಪ್ರತಿ ಬಾಹುವೂ 25 ಇರುವ ಚತುರ್ಭುಜ ತೆಗೆದುಕೊಳ್ಳಿ. ಅದು ಚೌಕವಾದರೆ ವಿಸ್ತೀರ್ಣ 625. ಕರ್ಣಗಳು 30 ಮತ್ತು 40 ಆಗುವಂತೆ ಓರೆ ಮಾಡಿದರೆ 600. ಕರ್ಣಗಳು 14 ಮತ್ತು 48 ಆದರೆ 336. ಬಾಹುಗಳು ಮಾತ್ರ ಅವೇ! ನಾಲ್ಕು ಬೆಂಕಿಕಡ್ಡಿಗಳನ್ನು ಚೌಕವಾಗಿ ಜೋಡಿಸಿ ಮೂಲೆಯನ್ನು ಮೆಲ್ಲಗೆ ಒತ್ತಿ ನೋಡಿದರೆ ನಿಮಗೇ ಇದು ತಿಳಿಯುತ್ತದೆ.

ಇದರಿಂದ ಕಲಿಯಬೇಕಾದ ಪಾಠವೇನು? ಪ್ರಮೇಯ ಎಂದೂ "ಹೀಗಿದೆ" ಎಂದು ಬರಿದೆ ಹೇಳುವುದಿಲ್ಲ. "ಇಂತಿಂಥದ್ದು ಇದ್ದರೆ ಹೀಗಿದೆ" ಎಂದು ಹೇಳುತ್ತದೆ. ಆ 'ರೆ' ಪ್ರತ್ಯಯದಲ್ಲಿ ಅದರ ಪ್ರಾಣವಿದೆ. ದತ್ತವನ್ನು ಬಿಟ್ಟ ಪ್ರಮೇಯ, ವಿಳಾಸವಿಲ್ಲದ ಕಾಗದದಂತೆ.

ಉದಾಹರಣೆಗಳು ಎಷ್ಟಿದ್ದರೆ ಸಾಕು?

ಒಂದು ಸಂಖ್ಯೆಯ ವರ್ಗಕ್ಕೆ ಅದೇ ಸಂಖ್ಯೆಯನ್ನೂ 41ನ್ನೂ ಕೂಡಿಸಿ. 1 ತೆಗೆದುಕೊಂಡರೆ 43 ಬರುತ್ತದೆ. 2 ತೆಗೆದುಕೊಂಡರೆ 47. 3 ತೆಗೆದುಕೊಂಡರೆ 53. ಎಲ್ಲವೂ ಅವಿಭಾಜ್ಯ ಸಂಖ್ಯೆಗಳು. 39ರವರೆಗೆ ಒಂದೂ ತಪ್ಪುವುದಿಲ್ಲ. 39 ಸಲ ನಿಜವಾದದ್ದು 40ನೆಯ ಸಲವೂ ನಿಜವಾದೀತೆಂದು ಯಾರಿಗಾದರೂ ಅನ್ನಿಸುತ್ತದೆ. ಆದರೆ 40 ಹಾಕಿದಾಗ ಬರುವುದು 1681. ಅದು 41ರ ವರ್ಗ!

ಇದು ನಮ್ಮಂಥವರಿಗೆ ಮಾತ್ರ ಆಗುವ ಮೋಸವಲ್ಲ. 17ನೆಯ ಶತಮಾನದ ಫ್ರೆಂಚ್ ಗಣಿತಜ್ಞ ಫರ್ಮಾ 3, 5, 17, 257, 65537 ಎಂಬ ಸಂಖ್ಯೆಗಳ ಸಾಲನ್ನು ಗಮನಿಸಿದ. ಪ್ರತಿಯೊಂದರಿಂದ 1 ಕಳೆದು, ಬಂದದ್ದನ್ನು ವರ್ಗ ಮಾಡಿ, ಮತ್ತೆ 1 ಕೂಡಿಸಿದರೆ ಮುಂದಿನದು ಸಿಗುತ್ತದೆ. ಈ ಐದೂ ಅವಿಭಾಜ್ಯ. ಹೀಗೆ ಬರುವ ಎಲ್ಲವೂ ಅವಿಭಾಜ್ಯವೇ ಎಂದು ಅವನು ನಂಬಿದ. 1732ರಲ್ಲಿ ಆಯ್ಲರ್ ಮುಂದಿನ ಸಂಖ್ಯೆಯಾದ 429,49,67,297 ಎಂಬುದನ್ನು 641 ಭಾಗಿಸುತ್ತದೆಂದು ತೋರಿಸಿದ. ನಂಬಿಕೆ ಅಲ್ಲಿಗೇ ಬಿತ್ತು. ಹೇಳಿದವನು ಫರ್ಮಾ ಎಂಬ ಕಾರಣಕ್ಕೆ ಯಾರೂ ಅದನ್ನು ಉಳಿಸಿಕೊಳ್ಳಲಿಲ್ಲ.

ಇದೇ ಕಾರಣದಿಂದ ಗೋಲ್ಡ್‌ಬಾಕ್ ಎಂಬಾತನ ಮಾತು ಇಂದಿಗೂ ಪ್ರಮೇಯವಾಗಿಲ್ಲ. 1742ರಲ್ಲಿ ಅವನು ಆಯ್ಲರನಿಗೆ ಬರೆದ ಪತ್ರದಿಂದ ಹುಟ್ಟಿದ ಹೇಳಿಕೆ ಇದು: 2ಕ್ಕಿಂತ ದೊಡ್ಡದಾದ ಪ್ರತಿಯೊಂದು ಸಮಸಂಖ್ಯೆಯನ್ನೂ ಎರಡು ಅವಿಭಾಜ್ಯ ಸಂಖ್ಯೆಗಳ ಮೊತ್ತವಾಗಿ ಬರೆಯಬಹುದು. 10 ಎಂದರೆ 3 ಕೂಡಿಸು 7. 28 ಎಂದರೆ 5 ಕೂಡಿಸು 23. ಗಣಕಯಂತ್ರಗಳಿಂದ ಇದನ್ನು 4ರ ಮುಂದೆ 18 ಸೊನ್ನೆ ಹಾಕಿದಷ್ಟು ದೊಡ್ಡ ಸಂಖ್ಯೆಯವರೆಗೂ ಪರೀಕ್ಷಿಸಲಾಗಿದೆ. ಒಂದೂ ತಪ್ಪಿಲ್ಲ. ಆದರೂ ಅದರ ಹೆಸರು 'ಗೋಲ್ಡ್‌ಬಾಕ್ ಊಹೆ' ಎಂದೇ. ಬೇರೆ ಯಾವ ವಿಜ್ಞಾನದಲ್ಲಾದರೂ ಇಷ್ಟು ಸಾಕ್ಷ್ಯ ಸಿಕ್ಕಿದ್ದರೆ ಅದು ಎಂದೋ ನಿಯಮವಾಗುತ್ತಿತ್ತು. ಭೌತವಿಜ್ಞಾನದ ನಿಯಮವನ್ನು ವೀಕ್ಷಣೆ ಕಟ್ಟುತ್ತದೆ, ಹೊಸ ವೀಕ್ಷಣೆ ಅದನ್ನು ತಿದ್ದಲೂಬಹುದು. ಗಣಿತದ ಪ್ರಮೇಯವನ್ನು ಕಟ್ಟುವುದು ಸಾಧನೆ ಮಾತ್ರ.

ಹೆಸರು ಕಳೆದುಕೊಂಡ ಪ್ರಮೇಯ

ಆರಂಭದಲ್ಲಿ ಹೇಳಿದ ಮಾತಿಗೆ ಈಗ ಬರೋಣ. 1852ರಲ್ಲಿ ಫ್ರಾನ್ಸಿಸ್ ಗುತ್ರಿ ಎಂಬ ತರುಣ ಇಂಗ್ಲೆಂಡಿನ ಕೌಂಟಿಗಳ ನಕ್ಷೆಗೆ ಬಣ್ಣ ಹಾಕುತ್ತಿದ್ದ. ಗಡಿ ಹಂಚಿಕೊಂಡ ಎರಡು ಪ್ರದೇಶಗಳಿಗೆ ಒಂದೇ ಬಣ್ಣ ಬರಬಾರದು. ನಾಲ್ಕು ಬಣ್ಣಗಳು ಸಾಕಾದವು. ಯಾವ ನಕ್ಷೆಗಾದರೂ ನಾಲ್ಕೇ ಸಾಕೆ ಎಂಬ ಪ್ರಶ್ನೆ ಅವನಲ್ಲಿ ಮೂಡಿತು. ಅವನ ತಮ್ಮ ಅದನ್ನು ತನ್ನ ಅಧ್ಯಾಪಕ ಡಿ ಮಾರ್ಗನ್‌ಗೆ ತಲುಪಿಸಿದ. ಇಲ್ಲಿಯೂ ದತ್ತವನ್ನು ಮರೆಯಬೇಡಿ: ನಕ್ಷೆ ಸಮತಲದ ಮೇಲಿರಬೇಕು, ಪ್ರತಿ ಪ್ರದೇಶವೂ ಅಖಂಡವಾಗಿರಬೇಕು, ಒಂದು ಬಿಂದುವಿನಲ್ಲಷ್ಟೇ ತಾಗಿದರೆ ಅದನ್ನು ಗಡಿಯೆಂದು ಎಣಿಸಬಾರದು.

1879ರಲ್ಲಿ ಲಂಡನ್ನಿನ ವಕೀಲರೂ ಗಣಿತಾಸಕ್ತರೂ ಆದ ಆಲ್‌ಫ್ರೆಡ್ ಕೆಂಪ್ ಸಾಧನೆಯನ್ನು ಪ್ರಕಟಿಸಿದರು. ವಿದ್ವಾಂಸರು ಒಪ್ಪಿದರು. ಹನ್ನೊಂದು ವರ್ಷ ಅದು ಪ್ರಮೇಯವೆಂದೇ ನಡೆಯಿತು. 1890ರಲ್ಲಿ ಪರ್ಸಿ ಹೀವುಡ್ ಎಂಬುವರು ಕೆಂಪ್‌ರ ವಾದದ ಒಂದು ಹೆಜ್ಜೆ ಎಲ್ಲ ಸಂದರ್ಭಗಳಲ್ಲೂ ನಿಲ್ಲುವುದಿಲ್ಲವೆಂದು ತೋರಿಸಿದರು. ಸ್ವಲ್ಪ ಯೋಚಿಸಿ. ಹೀವುಡ್ ಐದು ಬಣ್ಣ ಬೇಕಾಗುವ ನಕ್ಷೆಯನ್ನೇನೂ ತೋರಿಸಲಿಲ್ಲ. ಅಂಥದ್ದು ಇಲ್ಲವೇ ಇಲ್ಲ. ಹೇಳಿಕೆ ಅಂದೂ ನಿಜವಾಗಿತ್ತು, ಮರುದಿನವೂ ನಿಜವಾಗಿತ್ತು. ಆದರೆ ಸಾಧನೆ ಕುಸಿದ ಕೂಡಲೇ ಅದು ಪ್ರಮೇಯದ ಪೀಠದಿಂದ ಇಳಿದು ಮತ್ತೆ ಊಹೆಯಾಯಿತು. 'ನಿಜವಾದ ಮಾತು' ಮತ್ತು 'ಪ್ರಮೇಯ' ಇವುಗಳ ನಡುವಿನ ಅಂತರಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಸಿಗುವುದು ಕಷ್ಟ.

ಕೆಂಪ್‌ರ ಶ್ರಮವೂ ವ್ಯರ್ಥವಾಗಲಿಲ್ಲ. ಅವರ ವಿಧಾನದಿಂದಲೇ ಹೀವುಡ್ ಐದು ಬಣ್ಣಗಳು ಖಂಡಿತ ಸಾಕೆಂದು ಸಾಧಿಸಿದರು. 1976ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಕೆನೆತ್ ಆ್ಯಪೆಲ್ ಮತ್ತು ವುಲ್ಫ್‌ಗಾಂಗ್ ಹಾಕೆನ್ ಸಮಸ್ಯೆಯನ್ನು ಸಾವಿರಕ್ಕೂ ಹೆಚ್ಚು ಪ್ರಕರಣಗಳಿಗೆ ಇಳಿಸಿ, ಅವನ್ನು ಗಣಕಯಂತ್ರದಿಂದ ಪರೀಕ್ಷಿಸಿ, ನಾಲ್ಕು ಬಣ್ಣಗಳ ಹೇಳಿಕೆಯನ್ನು ಮತ್ತೆ ಪ್ರಮೇಯವಾಗಿಸಿದರು. ಯಾವ ಮನುಷ್ಯನೂ ಪೂರ್ತಿ ಓದಿ ನೋಡಲಾಗದ ಸಾಧನೆ, ಸಾಧನೆಯೆ? ಈ ಜಿಜ್ಞಾಸೆ ಬಹಳ ಕಾಲ ನಡೆಯಿತು. 2005ರಲ್ಲಿ ಜಾರ್ಜ್ ಗಾಂತಿಯೆ, ಸಾಧನೆಯ ಪ್ರತಿಯೊಂದು ತಾರ್ಕಿಕ ಹೆಜ್ಜೆಯನ್ನೂ ಪರಿಶೀಲಿಸುವ ತಂತ್ರಾಂಶದ ಮೂಲಕ ಇಡೀ ಸಾಧನೆಯನ್ನು ಹಾಯಿಸಿ, ಆ ಸಂದೇಹಕ್ಕೂ ಬಹುಮಟ್ಟಿಗೆ ಉತ್ತರ ಕೊಟ್ಟರು.

ಇದಕ್ಕೆ ವಿರುದ್ಧವಾದ ಕಥೆಯೂ ಉಂಟು. ಸುಮಾರು 1637ರಲ್ಲಿ ಫರ್ಮಾ ಪುಸ್ತಕವೊಂದರ ಅಂಚಿನಲ್ಲಿ, ಎರಡಕ್ಕಿಂತ ಹೆಚ್ಚಿನ ಘಾತಗಳಿಗೆ ಪೈಥಾಗೊರಸ್ ಸಂಬಂಧದಂಥದ್ದು ಧನ ಪೂರ್ಣಾಂಕಗಳಲ್ಲಿ ಸಾಧ್ಯವಿಲ್ಲವೆಂದು ಗೀಚಿದ. ತನ್ನ ಬಳಿ ಸಾಧನೆಯಿದೆ, ಬರೆಯಲು ಅಂಚಿನಲ್ಲಿ ಜಾಗವಿಲ್ಲ ಎಂದ. ಲೋಕ ಅದನ್ನು 'ಫರ್ಮಾನ ಕೊನೆಯ ಪ್ರಮೇಯ' ಎಂದು ಕರೆಯಿತು. ಹೆಸರೇನೋ ಬಂತು, ಸಾಧನೆ ಬರಲಿಲ್ಲ. 1993ರ ಜೂನ್‌ನಲ್ಲಿ ಆ್ಯಂಡ್ರ್ಯೂ ವೈಲ್ಸ್ ಕೇಂಬ್ರಿಜ್‌ನಲ್ಲಿ ಸಾಧನೆಯನ್ನು ಮಂಡಿಸಿದಾಗ ಪತ್ರಿಕೆಗಳೆಲ್ಲ ಸಂಭ್ರಮಿಸಿದವು. ಆದರೆ ಪರಿಶೀಲನೆಯಲ್ಲಿ ಒಂದು ಬಿರುಕು ಸಿಕ್ಕಿತು. ವೈಲ್ಸ್ ಮತ್ತೆ ಒಂದು ವರ್ಷಕ್ಕೂ ಹೆಚ್ಚು ಕಾಲ ಕುಳಿತು, ರಿಚರ್ಡ್ ಟೇಲರ್ ಅವರ ನೆರವಿನೊಂದಿಗೆ 1994ರ ಸೆಪ್ಟೆಂಬರ್‌ನಲ್ಲಿ ಅದನ್ನು ಮುಚ್ಚಿದರು. 1995ರಲ್ಲಿ ಅದು ಪ್ರಕಟವಾಯಿತು. ಸುಮಾರು 350 ವರ್ಷ ಪ್ರಮೇಯವೆಂಬ ಹೆಸರು ಹೊತ್ತಿದ್ದ ಮಾತು ಕೊನೆಗೂ ಪ್ರಮೇಯವಾಯಿತು.

ತರ್ಕಶಾಸ್ತ್ರ ಕೊಟ್ಟ ಅರ್ಥ

ಈವರೆಗೆ ನಾವು 'ಸಾಧನೆ' ಎಂಬ ಪದವನ್ನು ಧಾರಾಳವಾಗಿ ಬಳಸಿದೆವು. ಸಾಧನೆ ಎಂದರೇನು? ಯೂಕ್ಲಿಡನ ಮೊದಲನೆಯ ಪ್ರತಿಪಾದನೆಯಲ್ಲೇ ತೊಡಕಿದೆ. ಸಮಬಾಹು ತ್ರಿಭುಜ ರಚಿಸಲು ಅವನು ಎರಡು ವೃತ್ತಗಳನ್ನು ಎಳೆದು ಅವು ಛೇದಿಸುವ ಬಿಂದುವನ್ನು ತೆಗೆದುಕೊಳ್ಳುತ್ತಾನೆ. ಅವು ಛೇದಿಸುತ್ತವೆಂದು ಹೇಳಿದವರು ಯಾರು? ಚಿತ್ರ! ಅವನ ಆಧಾರ ಪ್ರತಿಜ್ಞೆಗಳಲ್ಲಿ ಅದು ಇಲ್ಲ. ಹೊರಗೆ ನಿಲ್ಲಿಸಿದ್ದ ಪ್ರತ್ಯಕ್ಷ ಹಿಂಬಾಗಿಲಿನಿಂದ ಒಳಗೆ ಬಂದಿತ್ತು.

19ನೆಯ ಶತಮಾನದ ಕೊನೆಯಲ್ಲಿ ಈ ಹಿಂಬಾಗಿಲನ್ನು ಮುಚ್ಚುವ ಕೆಲಸ ನಡೆಯಿತು. 1879ರಲ್ಲಿ ಜರ್ಮನಿಯ ಫ್ರೆಗೆ ತರ್ಕದ ಪ್ರತಿ ಹೆಜ್ಜೆಯನ್ನೂ ಸಂಕೇತಗಳಲ್ಲಿ ಬರೆಯುವ ಲಿಪಿಯೊಂದನ್ನು ರೂಪಿಸಿದ. 1899ರಲ್ಲಿ ಹಿಲ್ಬರ್ಟ್ ರೇಖಾಗಣಿತದ ಆಧಾರಗಳನ್ನು, ಚಿತ್ರದ ಹಂಗಿಲ್ಲದೆ ನಿಲ್ಲುವಂತೆ, ಹೊಸದಾಗಿ ಜೋಡಿಸಿದ. ಇವರ ಪರಂಪರೆ ಕೊಟ್ಟ ಅರ್ಥ ಹೀಗಿದೆ. ಕೆಲವು ಸ್ವಯಂಸಿದ್ಧಗಳನ್ನೂ ಕೆಲವು ನಿಯಮಗಳನ್ನೂ ಮೊದಲೇ ಗೊತ್ತುಮಾಡಿ. ಪ್ರತಿ ಸಾಲೂ ಒಂದೋ ಸ್ವಯಂಸಿದ್ಧವಾಗಿರಬೇಕು, ಇಲ್ಲವೆ ಹಿಂದಿನ ಸಾಲುಗಳಿಂದ ನಿಯಮದ ಮೂಲಕ ಬಂದಿರಬೇಕು. ಇಂಥ ಸಾಲುಗಳ ಸರಣಿಯೇ ಸಾಧನೆ. ಅದರ ಕೊನೆಯ ಸಾಲೇ ಪ್ರಮೇಯ.

ಒಂದು ಆಟದಿಂದ ಇದನ್ನು ತಿಳಿಯಬಹುದು. ಸ್ವಯಂಸಿದ್ಧ: 5. ನಿಯಮಗಳು ಎರಡು: ಇರುವ ಸಂಖ್ಯೆಯನ್ನು ಇಮ್ಮಡಿ ಮಾಡಬಹುದು, ಅಥವಾ ಅದಕ್ಕೆ 10 ಕೂಡಿಸಬಹುದು. 5ಕ್ಕೆ 10 ಕೂಡಿಸಿ 15, ಅದನ್ನು ಇಮ್ಮಡಿಸಿ 30. ಈ ಆಟದಲ್ಲಿ 30 ಒಂದು 'ಪ್ರಮೇಯ'. 5, 15, 30 ಎಂಬ ಸರಣಿ ಅದರ ಸಾಧನೆ. 7 ಸಿಗುತ್ತದೆಯೆ? ಎಷ್ಟು ಆಡಿದರೂ ಇಲ್ಲ. 5ರ ಗುಣಕವನ್ನು ಇಮ್ಮಡಿಸಿದರೂ, ಅದಕ್ಕೆ 10 ಕೂಡಿಸಿದರೂ ಬರುವುದು 5ರ ಗುಣಕವೇ. ಆಟದ ಹೊರಗೆ ನಿಂತು ಆಟದ ಬಗ್ಗೆಯೇ ನಾವು ಒಂದು ಪ್ರಮೇಯ ಸಾಧಿಸಿದೆವು!

ಸ್ವಯಂಸಿದ್ಧಗಳು ಬದಲಾದರೆ ಪ್ರಮೇಯಗಳೂ ಬದಲಾಗುತ್ತವೆ. ತ್ರಿಭುಜದ ಸಾಧನೆಯಲ್ಲಿ ನಾವು ಸಮಾಂತರ ರೇಖೆಗಳನ್ನು ಬಳಸಿದೆವು. ಅದರ ಹಿಂದೆ ಯೂಕ್ಲಿಡನ ಐದನೆಯ ಆಧಾರ ಪ್ರತಿಜ್ಞೆಯಿದೆ. 1829ರಲ್ಲಿ ರಷ್ಯದ ಲೊಬಚೆವ್‌ಸ್ಕಿ, 1832ರಲ್ಲಿ ಹಂಗೆರಿಯ ಬೊಯಾಯಿ, ಆ ಪ್ರತಿಜ್ಞೆಯನ್ನು ಬದಲಿಸಿದ ರೇಖಾಗಣಿತಗಳನ್ನು ಪ್ರಕಟಿಸಿದರು. ಅಲ್ಲಿ ತ್ರಿಭುಜದ ಕೋನಗಳ ಮೊತ್ತ 180ಕ್ಕಿಂತ ಕಡಿಮೆ ಎಂಬುದೇ ಪ್ರಮೇಯ. ಗೋಳದ ಮೇಲೆ ಮೊತ್ತ ಹೆಚ್ಚು. ಭೂಗೋಳದಲ್ಲಿ ಉತ್ತರಧ್ರುವದಿಂದ ನೇರ ಭೂಮಧ್ಯರೇಖೆಗೆ ಇಳಿದು, ಅದರ ಗುಂಟ ಭೂಮಿಯ ಕಾಲುಸುತ್ತು ನಡೆದು, ಮತ್ತೆ ಧ್ರುವಕ್ಕೆ ಹಿಂದಿರುಗಿ. ಮೂರೂ ಮೂಲೆಗಳು ಲಂಬಕೋನಗಳು, ಮೊತ್ತ 270! ಹಾಗೆಂದು ಯೂಕ್ಲಿಡನ ಪ್ರಮೇಯ ಸುಳ್ಳಾಗಲಿಲ್ಲ. ಅದರ ದತ್ತ ಬೇರೆ, ಇವುಗಳ ದತ್ತ ಬೇರೆ.

ಪ್ರಮೇಯಗಳು ಮುಟ್ಟದ ನಿಜ

ಒಳ್ಳೆಯ ಸ್ವಯಂಸಿದ್ಧಗಳನ್ನು ಆರಿಸಿಕೊಂಡರೆ, ಸಂಖ್ಯೆಗಳ ಬಗ್ಗೆ ನಿಜವಾದ ಮಾತುಗಳೆಲ್ಲ ಒಂದಲ್ಲ ಒಂದು ದಿನ ಪ್ರಮೇಯಗಳಾಗಿಯೇ ಆಗುತ್ತವೆ ಎಂಬ ಆಸೆ 20ನೆಯ ಶತಮಾನದ ಆರಂಭದಲ್ಲಿ ಹಲವರಿಗಿತ್ತು. 1931ರಲ್ಲಿ 25 ವರ್ಷದ ತರುಣ ಕರ್ಟ್ ಗೋಡೆಲ್ ಪ್ರಕಟಿಸಿದ ಪ್ರಬಂಧ ಆ ಆಸೆಯನ್ನು ಮುರಿಯಿತು. ಪೂರ್ಣಸಂಖ್ಯೆಗಳ ಅಂಕಗಣಿತವನ್ನು ಒಳಗೊಳ್ಳುವಷ್ಟು ಸಮರ್ಥವಾದ, ಸ್ವವಿರೋಧವಿಲ್ಲದ, ಯಾವುದು ಸ್ವಯಂಸಿದ್ಧ ಯಾವುದು ಅಲ್ಲ ಎಂಬುದನ್ನು ಯಾಂತ್ರಿಕವಾಗಿ ಗುರುತಿಸಬಹುದಾದ ಯಾವುದೇ ವ್ಯವಸ್ಥೆಯನ್ನು ತೆಗೆದುಕೊಳ್ಳಿ. ಅದರೊಳಗೆ ಸಾಧಿಸಲೂ ಆಗದ, ನಿರಾಕರಿಸಲೂ ಆಗದ ಹೇಳಿಕೆಯೊಂದು ಇದ್ದೇ ಇರುತ್ತದೆ. ಆ ಹೇಳಿಕೆ ಮತ್ತು ಅದರ ನಿಷೇಧ, ಇವೆರಡರಲ್ಲಿ ಒಂದು ಸಂಖ್ಯೆಗಳ ಬಗ್ಗೆ ನಿಜವಾಗಿರಲೇಬೇಕು. ಅಂದರೆ ಆ ವ್ಯವಸ್ಥೆಯ ಪ್ರಮೇಯಗಳ ಬಲೆಗೆ ಬೀಳದ ನಿಜವೊಂದು ಹೊರಗೆ ಉಳಿಯುತ್ತದೆ.

"ಹಾಗಾದರೆ ಗಣಿತ ಸೋತಂತೆ ಅಲ್ಲವೆ?" ಎಂದು ನೀವು ಕೇಳಬಹುದು. ಇಲ್ಲ. ಗೋಡೆಲ್ ಹೇಳಿದ್ದೂ ಒಂದು ಪ್ರಮೇಯವೇ. ಅದಕ್ಕೂ ದತ್ತವಿದೆ, ಸಾಧನೆಯಿದೆ. ತನ್ನ ಕೈ ಎಲ್ಲಿಯವರೆಗೆ ನಿಲುಕುತ್ತದೆಂಬುದನ್ನು ತರ್ಕ ತಾನೇ ಅಳೆದು ತೋರಿಸಿದೆ.

ಮತ್ತೆ ನೋಟ್ ಪುಸ್ತಕಕ್ಕೆ

ಈಗ ಮೊದಲಿನ ಪ್ರಶ್ನೆಗೆ ಉತ್ತರಿಸಬಹುದು. ಒಪ್ಪಿದ ಆಧಾರಗಳಿಂದ, ಒಪ್ಪಿದ ನಿಯಮಗಳ ಮೂಲಕ, ಬಿರುಕಿಲ್ಲದ ಸಾಧನೆಯಿಂದ ಪಡೆದ ಹೇಳಿಕೆಯೇ ಪ್ರಮೇಯ. ಅದರಿಂದ ಸುಲಭವಾಗಿ ದೊರೆಯುವುದು ಉಪಪ್ರಮೇಯ. ಸಾಧನೆಗಾಗಿ ಕಾದಿರುವುದು ಊಹೆ. ಸಾಧನೆಯಿಲ್ಲದೆ ಆರಂಭದಲ್ಲೇ ಒಪ್ಪಿಕೊಂಡದ್ದು ಸ್ವಯಂಸಿದ್ಧ.

ಇಷ್ಟು ಬಿಗಿ ಏಕೆ ಎಂದರೆ, ಈ ಬಿಗಿಯಲ್ಲೇ ನಿಮ್ಮ ಸ್ವಾತಂತ್ರ್ಯವಿದೆ. ಚರಿತ್ರೆಯ ತೇದಿಯೊಂದನ್ನು ನೀವು ಪುಸ್ತಕವನ್ನು ನಂಬಿ ಒಪ್ಪಬೇಕು. ದೂರದ ನಕ್ಷತ್ರದ ದೂರವನ್ನು ಖಗೋಳಜ್ಞರನ್ನು ನಂಬಿ ಒಪ್ಪಬೇಕು. ಆದರೆ ತ್ರಿಭುಜದ ಪ್ರಮೇಯವನ್ನು ಒಪ್ಪಲು ಯಾರನ್ನೂ ನಂಬಬೇಕಾಗಿಲ್ಲ. ಯೂಕ್ಲಿಡನಿಗೆ ಅದರ ಮೇಲೆ ಎಷ್ಟು ಅಧಿಕಾರವಿದೆಯೋ ಹಳ್ಳಿಯ ಶಾಲೆಯ ಹಿಂದಿನ ಬೆಂಚಿನ ವಿದ್ಯಾರ್ಥಿನಿಗೂ ಅಷ್ಟೇ ಅಧಿಕಾರವಿದೆ. ಸಾಧನೆಯ ಬಲಬದಿಯಲ್ಲಿ 'ಕಾರಣ' ಎಂದು ಬರೆಯುತ್ತೀರಲ್ಲ, ಆ ಸಾಲನ್ನು ಬಾಯಿಪಾಠದಿಂದ ತುಂಬಿದರೆ ಆ ಅಧಿಕಾರವನ್ನು ನೀವೇ ಬಿಟ್ಟುಕೊಟ್ಟಂತೆ. ಯಾವುದಾದರೂ ಒಂದು ಹೆಜ್ಜೆಯಲ್ಲಿ "ಇದು ಹೇಗೆ?" ಎಂಬ ಪ್ರಶ್ನೆ ಏಳಲಿ. ಹೀವುಡ್ ಮಾಡಿದ್ದೂ ಅದನ್ನೇ.

ಮಾಡಿ ನೋಡಿ

1. ಚೌಕದ ನಾಲ್ಕು ಬಾಹುಗಳೂ ಸಮ. ಇದರ ವಿಲೋಮವನ್ನು ಬರೆಯಿರಿ. ಅದು ನಿಜವೆ? ಬೆಂಕಿಕಡ್ಡಿಗಳ ಪ್ರಯೋಗವನ್ನು ನೆನಪಿಸಿಕೊಳ್ಳಿ.

2. 5ರಿಂದ ಆರಂಭಿಸಿದ ಆಟದಲ್ಲಿ 45 ಪ್ರಮೇಯವೆ? ಹೌದಾದರೆ ಅದರ ಸಾಧನೆ ಬರೆಯಿರಿ.

3. ನಿಮ್ಮ ಪಠ್ಯಪುಸ್ತಕದ ಯಾವುದಾದರೂ ಒಂದು ಪ್ರಮೇಯದ ದತ್ತದಿಂದ ಒಂದು ಷರತ್ತನ್ನು ತೆಗೆದುಬಿಡಿ. ಈಗ ಸಾಧನೆಯ ಯಾವ ಹೆಜ್ಜೆ ನಿಲ್ಲುವುದಿಲ್ಲ? ಗೆಳೆಯರೊಡನೆ ಚರ್ಚಿಸಿ.